ಪೂರ್ವ ಕೆಂಟಕಿಯ ಒಂದು ರೈತ ಮನೆತನ: 1850ರ ಗೋಡೆ ದಾಟಿ ಹಿಂದಕ್ಕೆ ಹೋಗುವುದು ಹೇಗೆ?

ಸಿನ್ಸಿನಾಟಿ ಕನ್ನಡತಿ

ನಮಸ್ಕಾರ. ಸೊಸೆಯ ತಂದೆಯ ಕಡೆಯವರ ವಂಶಾವಳಿ ಮಾಡುತ್ತಿದ್ದೇನೆ. ಅಮೆರಿಕದ ಕೆಂಟಕಿ ರಾಜ್ಯದ ಬ್ರೆಥಿಟ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ರೈತರು. ಕೈಯಲ್ಲಿರುವುದು ಇಷ್ಟು: 1950, 1940, 1910, 1880ರ ಜನಗಣತಿ ಪುಟಗಳು, 1917ರ ಒಂದು ಡ್ರಾಫ್ಟ್ ಕಾರ್ಡ್ (ಸೇನಾ ಭರ್ತಿಗೆ ಹೆಸರು ನೋಂದಾಯಿಸಿದ ಚೀಟಿ), ಮತ್ತು 1850ರ ಒಂದು ಮನೆ. ಅದರಲ್ಲಿ 28 ವರ್ಷದ ಯಜಮಾನ, ಒಬ್ಬ ಹೆಂಗಸು, ಮೂರು ಮಕ್ಕಳು. ಹುಟ್ಟಿದ್ದು ಕೆಂಟಕಿ ಎಂದಿದೆ. ಇವನ ಅಪ್ಪ ಯಾರು ಎನ್ನುವಲ್ಲಿಗೆ ಎಲ್ಲ ನಿಂತಿದೆ. ಆನ್‌ಲೈನ್ ವಂಶವೃಕ್ಷಗಳು ಇಬ್ಬರು ಬೇರೆ ಬೇರೆ ಅಪ್ಪಂದಿರನ್ನು ಹೇಳುತ್ತವೆ, ಎರಡಕ್ಕೂ ಆಧಾರ ಕೊಟ್ಟಿಲ್ಲ. ಸಾಲದ್ದಕ್ಕೆ ಅದೇ ಹೆಸರಿನ, ಹೆಚ್ಚುಕಡಿಮೆ ಅದೇ ವಯಸ್ಸಿನ ಇನ್ನೊಬ್ಬ ಕೂಡ ಕೌಂಟಿಯಲ್ಲಿದ್ದಾನೆ. ಯಾವ ದಾಖಲೆಯನ್ನು ಯಾವ ಕ್ರಮದಲ್ಲಿ ನೋಡಬೇಕು?

ಹಳೇ ಕಡತ

ಮೇಡಂ, 1850ರ ಪುಟವನ್ನು ಇನ್ನೊಮ್ಮೆ ನೋಡಿ. ಅಲ್ಲಿ ಸಂಬಂಧ ಬರೆದಿರುವುದಿಲ್ಲ. ಯಜಮಾನನಿಗೆ ಏನಾಗಬೇಕು ಎನ್ನುವ ಕಾಲಂ ಬಂದದ್ದು 1880ರಲ್ಲಿ. 1850, 1860, 1870ರಲ್ಲಿ ಒಂದೇ ಸೂರಿನಡಿ ಒಂದೇ ಅಡ್ಡಹೆಸರಿನವರು ಕಂಡರೆ ಗಂಡ, ಹೆಂಡತಿ, ಮಕ್ಕಳು ಎಂದು ನಾವೇ ಊಹಿಸಿಕೊಳ್ಳುತ್ತೇವೆ. ಆ ಹೆಂಗಸು ಎರಡನೇ ಹೆಂಡತಿ ಇರಬಹುದು, ತಂಗಿ ಇರಬಹುದು. ಮಕ್ಕಳಲ್ಲಿ ಒಂದು ತೀರಿಕೊಂಡ ಅಣ್ಣನದಿರಬಹುದು. ನೀವು ನಮೂದಿಸಿಕೊಳ್ಳುವಾಗ "ಮನೆಯಲ್ಲಿ ಇದ್ದವರು" ಎಂದಷ್ಟೇ ಬರೆದುಕೊಳ್ಳಿ.

ನಿಮ್ಮ ಪಟ್ಟಿಯಲ್ಲಿ 1860, 1870, 1900, 1920, 1930 ಕಾಣುತ್ತಿಲ್ಲ. ಒಂದನ್ನೂ ಹಾರಿಸಬಾರದು. ಅದರಲ್ಲೂ 1900 ಬಹಳ ಮುಖ್ಯ: ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ತಾಯಿಗೆ ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತದೆ. "ಹುಟ್ಟಿದ್ದು 9, ಇರುವುದು 6" ಎಂದಿದ್ದು ನಿಮ್ಮ ಪಟ್ಟಿಯಲ್ಲಿ 5 ಮಕ್ಕಳೇ ಇದ್ದರೆ, ಒಬ್ಬ ಮಗನೋ ಮದುವೆಯಾಗಿ ಹೋದ ಮಗಳೋ ತಪ್ಪಿದ್ದಾರೆ ಎಂದರ್ಥ. 1880ರಲ್ಲಿ ತಂದೆ ತಾಯಿ ಹುಟ್ಟಿದ ರಾಜ್ಯದ ಕಾಲಂ ಇದೆ. ಅಲ್ಲಿ ವರ್ಜೀನಿಯಾ ಎಂದಿದೆಯೋ ನಾರ್ತ್ ಕೆರೊಲೈನಾ ಎಂದಿದೆಯೋ ಎನ್ನುವುದರ ಮೇಲೆ ಮುಂದಿನ ಹುಡುಕಾಟದ ದಿಕ್ಕೇ ಬದಲಾಗುತ್ತದೆ.

1890ರದ್ದು ಸಿಗುವುದಿಲ್ಲ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿದ್ದು, ಸುಟ್ಟದ್ದು, ನೆನೆದದ್ದು, ಆಮೇಲೆ ವಿಲೇವಾರಿ ಮಾಡಿದ್ದು ಎಲ್ಲ ಸೇರಿ ಬಹುಪಾಲು ನಾಶವಾಯಿತು. ಹಾಗಾಗಿ 1880ರಲ್ಲಿ 2 ವರ್ಷದ ಮಗು 1900ರಲ್ಲಿ 22ರ ಗೃಹಸ್ಥನಾಗಿ ಕಾಣಿಸುತ್ತದೆ. ನಡುವೆ ಕೊಂಡಿ ಇರುವುದಿಲ್ಲ. 1950ರದ್ದು 2022ರ ಏಪ್ರಿಲ್‌ನಲ್ಲಿ ತೆರೆಯಿತು, 72 ವರ್ಷದ ನಿಯಮದಂತೆ 1960ರದ್ದಕ್ಕೆ 2032ರವರೆಗೆ ಕಾಯಬೇಕು.

ಹುಡುಕುವಾಗ ಹೆಸರಿನ ಕಾಗುಣಿತಕ್ಕೆ ಜೋತುಬೀಳಬೇಡಿ. ಗಣತಿದಾರ ಕಿವಿಗೆ ಬಿದ್ದಂತೆ ಬರೆದ, ಇಂಡೆಕ್ಸ್ ಮಾಡಿದವರು ಕಣ್ಣಿಗೆ ಕಂಡಂತೆ ಓದಿದರು. ಹೆಸರು ಸಿಗದಿದ್ದರೆ ಆ ಕಣಿವೆಯ ಪುಟಗಳನ್ನು ಸಾಲುಸಾಲಾಗಿ ಓದುವುದೇ ದಾರಿ. ಒಂದು ಮ್ಯಾಜಿಸ್ಟೀರಿಯಲ್ ಡಿಸ್ಟ್ರಿಕ್ಟ್ (ಕೌಂಟಿಯೊಳಗಿನ ವಿಭಾಗ) ಅಂದರೆ ಸಾಮಾನ್ಯವಾಗಿ ಒಂದು ಸಂಜೆಯ ಕೆಲಸ.

ನಕಾಶೆ ನಾಗಿ

ಕೌಂಟಿಯ ಗಡಿ ನೋಡದೆ ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ. ಬ್ರೆಥಿಟ್ ಹುಟ್ಟಿದ್ದೇ 1839ರಲ್ಲಿ. ಕ್ಲೇ, ಎಸ್ಟಿಲ್, ಪೆರಿ ಕೌಂಟಿಗಳಿಂದ ಒಂದೊಂದು ತುಂಡು ತೆಗೆದು ಮಾಡಿದ್ದು. ನಿಮ್ಮವನು 1822ರ ಸುಮಾರಿಗೆ ಹುಟ್ಟಿದ್ದರೆ 1830ರ ಗಣತಿಯಲ್ಲಿ ಅವನ ಮನೆ ಆ ಮೂರರಲ್ಲಿ ಯಾವುದರಲ್ಲಾದರೂ ಇರಬಹುದು. ಮನೆ ಕದಲಿಲ್ಲ, ಕೌಂಟಿ ಬದಲಾಯಿತು. 1860ರಲ್ಲಿ ಪಕ್ಕದಲ್ಲೇ ವುಲ್ಫ್, ಮಗಾಫಿನ್ ಕೌಂಟಿಗಳು ಹುಟ್ಟಿ ಗಡಿ ಇನ್ನಷ್ಟು ಸರಿಯಿತು.

ಹಳೆ ದಾಖಲೆ ಹೊಸ ಕೌಂಟಿಗೆ ಬರುವುದಿಲ್ಲ. 1835ರ ಕ್ರಯಪತ್ರ ಅದು ನೋಂದಣಿಯಾದ ಕೌಂಟಿಯ ಪುಸ್ತಕದಲ್ಲೇ ಉಳಿಯುತ್ತದೆ. ಷಿಕಾಗೊದ ನ್ಯೂಬೆರಿ ಲೈಬ್ರರಿಯವರು ಮಾಡಿರುವ ಕೌಂಟಿ ಗಡಿಗಳ ಐತಿಹಾಸಿಕ ಅಟ್ಲಾಸ್ ಪುಕ್ಕಟೆ ಸಿಗುತ್ತದೆ, ದಿನಾಂಕ ಹಾಕಿದರೆ ಆ ದಿನದ ಗಡಿ ತೋರಿಸುತ್ತದೆ. ಅದರ ಪಕ್ಕಕ್ಕೆ ಯುಎಸ್‌ಜಿಎಸ್‌ನ (ಅಮೆರಿಕ ಸರ್ಕಾರದ ಭೂವಿಜ್ಞಾನ ಸರ್ವೆ ಸಂಸ್ಥೆ) ಹಳೆ ಟೊಪೊ ನಕಾಶೆ, ಅಂದರೆ ನೆಲದ ಏರಿಳಿತ ತೋರಿಸುವ ನಕಾಶೆ, ಇಟ್ಟುಕೊಳ್ಳಿ. ಹಳ್ಳ, ಚರ್ಚು, ಶಾಲೆ, ಸ್ಮಶಾನ ಎಲ್ಲ ಗುರುತಾಗಿರುತ್ತವೆ. ಈ ಬೆಟ್ಟಸೀಮೆಯಲ್ಲಿ ವಿಳಾಸ ಅಂದರೆ ಊರಲ್ಲ, ಹಳ್ಳ. ಕ್ವಿಕ್‌ಸ್ಯಾಂಡ್ ಕ್ರೀಕ್, ಟ್ರಬಲ್‌ಸಮ್ ಕ್ರೀಕ್, ಫ್ರೋಜನ್ ಕ್ರೀಕ್, ಲಾಸ್ಟ್ ಕ್ರೀಕ್. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಿಕೊಡುವುದೂ ಈ ಹಳ್ಳಗಳೇ.

ಸಿನ್ಸಿನಾಟಿ ಕನ್ನಡತಿ

1850ಕ್ಕಿಂತ ಹಿಂದಿನ ಗಣತಿಯಲ್ಲಿ ಯಜಮಾನನ ಹೆಸರು ಬಿಟ್ಟರೆ ಬೇರೆ ಯಾರದ್ದೂ ಇಲ್ಲವಲ್ಲ, ಅದರಿಂದ ಏನು ಉಪಯೋಗ?

ಹಳೇ ಕಡತ

ಉಪಯೋಗವಿದೆ. ಅಪ್ಪ ಇವನೇ ಎಂದು ಹೇಳುವುದಕ್ಕಲ್ಲ, ಇವನಲ್ಲ ಎಂದು ತೆಗೆದುಹಾಕುವುದಕ್ಕೆ. ಆಗ ಉಳಿದವರ ಹೆಸರಿನ ಬದಲು ಒಂದೊಂದು ವಯಸ್ಸಿನ ಕಟ್ಟಿನಲ್ಲಿ ಎಷ್ಟು ಜನ ಎಂದು ಎಣಿಸಿ ಬರೆದಿರುತ್ತಾರೆ. 1830 ಮತ್ತು 1840ರಲ್ಲಿ ಈ ಕಟ್ಟುಗಳು ಒಂದೇ ರೀತಿ: 5ರೊಳಗೆ, 5ರಿಂದ 10, 10ರಿಂದ 15, 15ರಿಂದ 20, ಅಲ್ಲಿಂದ ಮುಂದೆ ಹತ್ತು ಹತ್ತು ವರ್ಷ. 1822ರಲ್ಲಿ ಹುಟ್ಟಿದವನು 1830ರಲ್ಲಿ 5–10ರ ಕಟ್ಟಿನಲ್ಲಿ, 1840ರಲ್ಲಿ 15–20ರ ಕಟ್ಟಿನಲ್ಲಿ ಒಂದು ಗೀಟಾಗಿ ಇರಬೇಕು. ಒಂದು ಹಾಳೆಯಲ್ಲಿ ಆ ಅಡ್ಡಹೆಸರಿನ ಎಲ್ಲ ಮನೆಗಳನ್ನೂ ಎಡಕ್ಕೆ ಬರೆದು, ಗೀಟುಗಳನ್ನು ಬಲಕ್ಕೆ ತುಂಬಿ. ಎರಡೂ ವರ್ಷದಲ್ಲಿ ಹುಡುಗನಿಗೆ ಜಾಗವಿರದ ಮನೆ ಹಿಂದಕ್ಕೆ ಹೋಗುತ್ತದೆ.

ಪೂರ್ತಿ ಹೊಡೆದುಹಾಕಬೇಡಿ, ಪೆನ್ಸಿಲ್‌ನಲ್ಲಿರಲಿ. 18 ವರ್ಷದ ಹುಡುಗ ಬೇರೆ ಮನೆಯಲ್ಲಿ ಕೂಲಿಗೆ ನಿಂತಿದ್ದರೆ ಅವನ ಗೀಟು ಆ ಮನೆಯಲ್ಲಿರುತ್ತದೆ. ವಯಸ್ಸನ್ನೂ 1850 ಒಂದರ ಮೇಲೆ ನಂಬಬೇಡಿ. 28, ಆಮೇಲೆ 1860ರಲ್ಲಿ 36, 1870ರಲ್ಲಿ 50 ಎಂದು ಬರುವುದು ಮಾಮೂಲು. ಹುಟ್ಟಿದ್ದು 1819ರಿಂದ 1824ರ ನಡುವೆ ಎಂದು ಇಟ್ಟುಕೊಂಡೇ ಹುಡುಕಿ.

ಫ್ರಾಂಕ್‌ಫರ್ಟ್ ಓದುಗ

ಇನ್ನೊಂದು ದಾರಿ ಇದೆ, ಬಹಳ ಜನ ಮರೆಯುತ್ತಾರೆ. ಕೆಂಟಕಿಯಲ್ಲಿ ರಾಜ್ಯಮಟ್ಟದ ಜನನ ಮರಣ ನೋಂದಣಿ ನಿಂತದ್ದು 1911ರಿಂದ. ನಿಮ್ಮವನು ಅದಕ್ಕೆ ಮೊದಲೇ ತೀರಿಕೊಂಡಿದ್ದರೆ ಅವನ ಮರಣಪತ್ರ ಇರುವುದಿಲ್ಲ. ಆದರೆ ಅವನಿಗಿಂತ 12–15 ವರ್ಷ ಚಿಕ್ಕ ತಂಗಿಯೋ ತಮ್ಮನೋ 1911ರ ಆಚೆಗೂ ಬದುಕಿದ್ದರೆ? ಅವರ ಮರಣಪತ್ರದಲ್ಲಿ ತಂದೆಯ ಹೆಸರು, ತಾಯಿಯ ತವರಿನ ಹೆಸರು, ಇಬ್ಬರೂ ಹುಟ್ಟಿದ ಸ್ಥಳ ಕೇಳುವ ಸಾಲುಗಳಿವೆ. ಆ ಹಳ್ಳದ ಸುತ್ತ ಅದೇ ಅಡ್ಡಹೆಸರಿನಲ್ಲಿ ಹುಟ್ಟಿ 1911ರಿಂದ 1925ರೊಳಗೆ ತೀರಿಕೊಂಡ ಎಲ್ಲ ಮುದುಕ ಮುದುಕಿಯರ ಪತ್ರ ತೆಗೆಯಿರಿ. ಮದುವೆಯಾಗಿ ಹೆಸರು ಬದಲಾದ ಹೆಣ್ಣುಮಕ್ಕಳದ್ದೂ ಸೇರಬೇಕು; ತಂದೆಯ ಹೆಸರಿನಿಂದ ಹುಡುಕುವ ಸೌಲಭ್ಯ ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣದಲ್ಲಿದೆ.

ಪತ್ರ ಓದುವಾಗ ಮಾಹಿತಿ ಕೊಟ್ಟವರು ಯಾರು ಎನ್ನುವ ಸಾಲಿನ ಮೇಲೆ ಮೊದಲು ಕಣ್ಣಿಡಿ. ಅಳಿಯನೋ ನೆರೆಯವನೋ ಕೊಟ್ಟಿದ್ದರೆ, 80 ವರ್ಷ ಹಿಂದಿನ ಅಜ್ಜಿಯ ತವರಿನ ಹೆಸರು ಅವನಿಗೆ ಸರಿಯಾಗಿ ಗೊತ್ತಿರುವ ಸಾಧ್ಯತೆ ಕಡಿಮೆ. ಸತ್ತ ದಿನಾಂಕವನ್ನು ನಂಬಬಹುದು. ಹುಟ್ಟಿದ ದಿನ, ತಂದೆತಾಯಿ ಬಾಯಿಮಾತಿನಿಂದ ಬಂದದ್ದು.

1852ರ ಕಾನೂನಿನಂತೆಯೂ ಕೆಲವು ವರ್ಷ ಕೆಂಟಕಿಯ ಕೌಂಟಿಗಳು ಜನನ, ಮದುವೆ, ಮರಣ ಬರೆದಿವೆ. ತುಣುಕು ತುಣುಕು, ಆದರೂ ನೋಡಬೇಕು.

ಸರಪಳಿ 66

ನನ್ನ ಪ್ರಕಾರ ನಿಮ್ಮ ಉತ್ತರ ಇರುವುದು ಭೂಮಿಯಲ್ಲಿ. ಈ ಜನ ಪತ್ರ ಬರೆಯಲಿಲ್ಲ, ಡೈರಿ ಇಡಲಿಲ್ಲ, ಚರ್ಚಿನ ದಾಖಲೆ ಉಳಿದದ್ದೂ ಅಪರೂಪ. ಆದರೆ ತುಂಡು ಭೂಮಿ ಇದ್ದವನು ಕೌಂಟಿ ಕ್ಲರ್ಕ್‌ನ ಪುಸ್ತಕದಲ್ಲಿ ಬಂದೇ ಬರುತ್ತಾನೆ.

ಕೆಂಟಕಿ ಮೊದಲು ವರ್ಜೀನಿಯಾದ ಭಾಗವಾಗಿತ್ತು, 1792ರಲ್ಲಿ ಪ್ರತ್ಯೇಕ ರಾಜ್ಯವಾಯಿತು. ಹಾಗಾಗಿ ಈ ಪೂರ್ವ ಸೀಮೆಯಲ್ಲಿ ಚೌಕಾಕಾರದ ಸರ್ಕಾರಿ ಸರ್ವೆ ಇಲ್ಲ, ಚಕ್ಕುಬಂದಿಯ ಸರ್ವೆ. ಹೊಸ ಭೂಮಿ ಪಡೆಯಲು ನಾಲ್ಕು ಹೆಜ್ಜೆ: ವಾರಂಟ್ (ಇಷ್ಟು ಭೂಮಿ ಪಡೆಯಬಹುದೆಂಬ ಆದೇಶ), ಎಂಟ್ರಿ (ಯಾವ ಜಾಗ ಬೇಕೆಂಬ ನಮೂದು), ಸರ್ವೆ (ಅಳತೆ), ಗ್ರಾಂಟ್ (ಕೊನೆಯ ಹಕ್ಕುಪತ್ರ). 1835ರ ನಂತರ ಖಾಲಿ ಉಳಿದ ಭೂಮಿಗೆ ಕೌಂಟಿ ಕೋರ್ಟಿನ ಆದೇಶದ ಮೇಲೆಯೇ ವಾರಂಟ್ ಸಿಗುತ್ತಿತ್ತು, ಬೆಟ್ಟಸೀಮೆಯ ಬಹಳಷ್ಟು ಸಣ್ಣ ಹಿಡುವಳಿಗಳು ಹಾಗೆ ಬಂದವು. ಕೆಂಟಕಿ ಸೆಕ್ರೆಟರಿ ಆಫ್ ಸ್ಟೇಟ್‌ನ ಲ್ಯಾಂಡ್ ಆಫೀಸ್ ಇವುಗಳ ಚಿತ್ರಗಳನ್ನು ಆನ್‌ಲೈನ್ ಹಾಕಿದೆ. ಗ್ರಾಂಟ್ ಒಂದನ್ನೇ ಇಳಿಸಿಕೊಂಡು ಮುಗಿಸಬೇಡಿ. ಸರ್ವೆಯ ಹಾಳೆಯ ಕೊನೆಯಲ್ಲಿ ಅಳತೆಯ ಸರಪಳಿ ಹಿಡಿದವರ ಹೆಸರಿರುತ್ತದೆ. ಹೊರಗಿನವರನ್ನು ಕರೆತರುವ ಕಾಲವಲ್ಲ ಅದು, ಸಾಮಾನ್ಯವಾಗಿ ಮಗ, ಅಳಿಯ, ತಮ್ಮ, ಪಕ್ಕದ ಹೊಲದವನು.

ಈಗ ಅಳತೆ. "ಉತ್ತರದಿಂದ 45 ಡಿಗ್ರಿ ಪೂರ್ವಕ್ಕೆ 40 ಪೋಲ್, ಬಿಳಿ ಓಕ್ ಮರದವರೆಗೆ" ಅನ್ನುವಂಥ ಸಾಲುಗಳು ಬರುತ್ತವೆ. 1 ಪೋಲ್ ಅಂದರೆ 16.5 ಅಡಿ, 4 ಪೋಲ್ ಸೇರಿದರೆ 66 ಅಡಿಯ ಒಂದು ಸರಪಳಿ. 160 ಚದರ ಪೋಲ್ ಒಂದು ಎಕರೆ. ನಮ್ಮವರಿಗೆ ಇದು ಸುಲಭ: ನಮ್ಮ ಗುಂಟೆ 33 ಅಡಿ ಚದರ, ಅಂದರೆ ಸರಿಯಾಗಿ 4 ಚದರ ಪೋಲ್. ಎರಡೂ ಇಂಗ್ಲೆಂಡಿನ ಅದೇ ಸರಪಳಿಯ ಲೆಕ್ಕದಲ್ಲಿ ಬಂದದ್ದು.

ಗ್ರಾಫ್ ಹಾಳೆ, ಕೋನಮಾಪಕ ಇಟ್ಟುಕೊಂಡು 1 ಸೆಂಟಿಮೀಟರಿಗೆ 20 ಪೋಲ್ ಪ್ರಮಾಣದಲ್ಲಿ ಒಂದೊಂದು ಸಾಲನ್ನೂ ಎಳೆಯುತ್ತಾ ಹೋಗಿ. ಶುರುವಾದಲ್ಲಿಗೇ ಬಂದು ಮುಚ್ಚಬೇಕು. ಸ್ವಲ್ಪ ಅಂತರ ಉಳಿದರೆ ಚಿಂತೆಯಿಲ್ಲ, ಕಡಿದಾದ ಇಳಿಜಾರಿನಲ್ಲಿ ಸರಪಳಿ ಹಿಡಿದ ಅಳತೆ ಅದು. ಭಾರಿ ಅಂತರ ಬಂದರೆ ಎರಡು ಕಾರಣ ಹುಡುಕಿ: ಕ್ಲರ್ಕ್ ನಕಲು ಮಾಡುವಾಗ ಒಂದು ಸಾಲು ಬಿಟ್ಟಿದ್ದಾನೆ, ಇಲ್ಲವೇ ಪೂರ್ವ ಪಶ್ಚಿಮ ಅದಲುಬದಲಾಗಿದೆ. ಒಂದೊಂದೇ ಸಾಲಿನ ದಿಕ್ಕು ತಿರುಗಿಸಿ ನೋಡಿದರೆ ತಪ್ಪು ಸಿಕ್ಕಿಬೀಳುತ್ತದೆ. ದಿಕ್ಸೂಚಿಯ ಉತ್ತರ ಕಾಲಕಾಲಕ್ಕೆ ಸರಿಯುವುದರಿಂದ ಇಂದಿನ ನಕಾಶೆಯ ಮೇಲೆ ಕೂರಿಸುವಾಗ ಇಡೀ ಆಕೃತಿಯನ್ನು ಕೆಲವು ಡಿಗ್ರಿ ತಿರುಗಿಸಬೇಕಾಗುತ್ತದೆ. ಹಳ್ಳದ ತಿರುವಿಗೆ ಹೊಂದಿಸಿ ಕೂರಿಸಿ.

ಹೀಗೆ ನಿಮ್ಮವನ ಹೊಲ, ಸುತ್ತಲಿನ ನಾಲ್ಕೈದು ಹೊಲ ಎಳೆದು ಜೋಡಿಸಿದ ಮೇಲೆ ಒಂದೇ ಪ್ರಶ್ನೆ: ಈ ತುಂಡು ಇವನಿಗೆ ಹೇಗೆ ಬಂತು? ಕೊಂಡವರ ಇಂಡೆಕ್ಸಿನಲ್ಲಿ ಇವನ ಹೆಸರಿಲ್ಲ, ಆದರೆ ಮುಂದೆ ಮಾರಿದವರ ಇಂಡೆಕ್ಸಿನಲ್ಲಿದೆ ಎಂದರೆ, ಪಿತ್ರಾರ್ಜಿತ ಇರಬಹುದು, ಹೆಂಡತಿಯ ತವರಿನಿಂದ ಬಂದದ್ದಿರಬಹುದು, ಗ್ರಾಂಟ್ ಇರಬಹುದು. ಗ್ರಾಂಟ್ ಇಲ್ಲವೆಂದು ಖಾತ್ರಿಯಾದರೆ ಎರಡೇ ಉಳಿದವು. "1 ಡಾಲರ್ ಮತ್ತು ಸಹಜ ಪ್ರೀತಿವಾತ್ಸಲ್ಯಕ್ಕಾಗಿ" ಎಂದು ಬರೆದ ಕ್ರಯಪತ್ರ ಸಿಕ್ಕರೆ ಬಹುಮಟ್ಟಿಗೆ ಹಿರಿಯರು ಮಗನಿಗೋ ಮಗಳಿಗೋ ಕೊಟ್ಟದ್ದು. ಗಂಡ ಭೂಮಿ ಮಾರಿದಾಗ ಹೆಂಡತಿ ತನ್ನ ಡವರ್ ಹಕ್ಕು (ಗಂಡ ಸತ್ತರೆ ಅವನ ಭೂಮಿಯಲ್ಲಿ ವಿಧವೆಗೆ ಸಿಗುವ ಪಾಲು) ಬಿಟ್ಟುಕೊಟ್ಟ ಹೇಳಿಕೆ ಕೆಳಗಿರುತ್ತದೆ, ಅವಳ ಹೆಸರು ಬೇರೆಲ್ಲೂ ಇಲ್ಲದಿದ್ದರೂ ಅಲ್ಲಿ ಸಿಗುತ್ತದೆ.

ನೋಂದಣಿಯ ದಿನಾಂಕಕ್ಕೆ ಮೋಸಹೋಗಬೇಡಿ. ಕುದುರೆಯ ಮೇಲೆ ಒಂದು ದಿನದ ದಾರಿಯ ಕೋರ್ಟ್‌ಹೌಸಿಗೆ ಪತ್ರ ತಲುಪಿದ್ದು ಎಷ್ಟೋ ವರ್ಷದ ಮೇಲೆ, ಬಹಳ ಸಲ ಅಪ್ಪ ತೀರಿಕೊಂಡು ಪಾಲಿನ ಮಾತು ಬಂದಾಗ. ಇಂಡೆಕ್ಸನ್ನು ಅವನು ಸತ್ತ ಮೇಲಿನ 30 ವರ್ಷದವರೆಗೂ ನೋಡಿ.

ಬೆಳಗಾವಿ ಬಸಣ್ಣ

ಸರಪಳಿಯವರು ಹೇಳಿದ್ದು ಖರೆ, ಆದರ ಬ್ರೆಥಿಟ್‌ನ ಮೊದಲಿನ ಪುಸ್ತಕ ಎಷ್ಟೋ ಬೆಂಕಿಗೆ ಹೋಗ್ಯಾವ, ಅದನ್ನ ಮೊದಲ ಹೇಳಬೇಕಿತ್ತು. ಸುಟ್ಟ ಕೌಂಟಿ ಅಂತ ಕೈಚೆಲ್ಲಬ್ಯಾಡ್ರಿ. ಕೌಂಟಿ ಪ್ರತಿ ಸುಟ್ಟರೂ ಕೆಂಟಕಿ ರಾಜಧಾನಿ ಫ್ರಾಂಕ್‌ಫರ್ಟ್‌ಗೆ ಹೋದ ಪ್ರತಿ ಉಳಿದಿರ್ತದ. ಗ್ರಾಂಟ್‌ಗಳು ಹಂಗ ಉಳದಾವ. ತೆರಿಗೆ ಪಟ್ಟಿನೂ ಹಂಗ.

ಕೆಂಟಕಿಯ ತೆರಿಗೆ ಪಟ್ಟಿ 1792ರಿಂದ ಶುರು, ವರ್ಷಾ ವರ್ಷಾ. ಗಣತಿ ಹತ್ತು ವರ್ಷಕ್ಕೊಮ್ಮೆ ಬರೋದು, ಇದು ಪ್ರತಿ ವರ್ಷ ಬರೋದು. 21 ತುಂಬಿದ ಗಂಡಸು ಪಟ್ಟಿಗೆ ಬರ್ತಾನ. ಭೂಮಿ ಇದ್ದರ ಎಷ್ಟು ಎಕರೆ, ಯಾವ ಹಳ್ಳದ ಮ್ಯಾಲ, ಮೊದಲ ಯಾರ ಹೆಸರಲ್ಲೆ ಸರ್ವೆ ಆತು, ಎಷ್ಟು ಕುದುರಿ, ಎಲ್ಲಾ ಬರ್ದಿರ್ತಾರ. ಕೆಲವು ವರ್ಷದ ಪಟ್ಟ್ಯಾಗ ಸಾಲಿಗೆ ಹೋಗೋ ವಯಸ್ಸಿನ ಮಕ್ಕಳ ಲೆಕ್ಕನೂ ಅದ. ಒಂದ ಹೆಸರಿನ ಇಬ್ಬರನ್ನ ಬ್ಯಾರೆ ಮಾಡಾಕ ಇದಕ್ಕಿಂತ ಚಲೋ ಸಾಧನ ಇಲ್ಲ: ಒಬ್ಬಾಂವ 100 ಎಕರೆ, ಕ್ವಿಕ್‌ಸ್ಯಾಂಡ್, ಇನ್ನೊಬ್ಬಾಂವ ಭೂಮಿ ಇಲ್ಲ, ಒಂದು ಕುದುರಿ. ಹತ್ತು ವರ್ಷದ ಸಾಲು ಒಂದರ ಕೆಳಗೊಂದು ಬರಕೊಂಡ್ರ ಇಬ್ಬರೂ ಎರಡು ದಾರಿಯಾಗಿ ಕಾಣಸ್ತಾರ.

ಅಪ್ಪ ತೀರಿಕೊಂಡದ್ದೂ ಇಲ್ಲೇ ಗೊತ್ತಾಗ್ತದ. ಒಂದು ವರ್ಷ ಅಂವನ ಹೆಸರು ಹೋಗಿ ಅದ ಹಳ್ಳ, ಅದ ಎಕರೆ ವಿಧವೆ ಹೆಸರಿಗೋ "ವಾರಸುದಾರರು" ಅಂತನೋ ಬರ್ತದ. ಅಲ್ಲಿಂದ ಮುಂದಿನ ಎರಡು ಮೂರು ವರ್ಷದ ಕೋರ್ಟ್ ಆದೇಶ ಪುಸ್ತಕ ಬಿಚ್ಚರಿ.

"ಸೀನಿಯರ್", "ಜೂನಿಯರ್" ಅಂದ್ರ ಅಪ್ಪ ಮಗ ಅಂತ ತಿಳಿಬ್ಯಾಡ್ರಿ. ಒಂದ ಕೌಂಟ್ಯಾಗ ಹಿರ್ಯಾಂವ, ಕಿರ್ಯಾಂವ ಅಷ್ಟ. ಕಾಕಾ ಇರಬಹುದು, ಸಂಬಂಧನ ಇಲ್ಲದಾಂವ ಇರಬಹುದು. ಹಿರ್ಯಾಂವ ಸತ್ತ ಮ್ಯಾಲ ಜೂನಿಯರ್‌ನ ಸೀನಿಯರ್ ಆಗ್ತಾನ.

ಫ್ರಾಂಕ್‌ಫರ್ಟ್ ಓದುಗ

ಬಸಣ್ಣನವರ ಮಾತಿಗೆ ಸೇರಿಸುತ್ತೇನೆ. ಉಯಿಲು ಹುಡುಕುವುದರಲ್ಲಿ ಕಾಲ ಕಳೆಯಬೇಡಿ. ಸಣ್ಣ ರೈತರಲ್ಲಿ ಬರೆದವರೇ ಕಡಿಮೆ. ಉಯಿಲಿಲ್ಲದೆ ಸತ್ತವನ ಕಾಗದಗಳೇ ಹೆಚ್ಚು ಮಾತಾಡುತ್ತವೆ. ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸಿದ ಆಡಳಿತಗಾರನ ಬಾಂಡ್ (ಜಾಮೀನುಪತ್ರ), ಆಸ್ತಿಪಟ್ಟಿ, ಹರಾಜಿನ ಲೆಕ್ಕ. ಹರಾಜಿನಲ್ಲಿ ನೇಗಿಲು, ಹಾಸಿಗೆ, ಕೆಟಲ್ ಕೊಂಡವರ ಪಟ್ಟಿಯಲ್ಲಿ ಮಕ್ಕಳು, ಅಳಿಯಂದಿರು, ವಿಧವೆ ಇರುತ್ತಾರೆ.

ಗಾರ್ಡಿಯನ್ ನೇಮಕ ಕಂಡರೆ ತಾಯಿಯೂ ಸತ್ತಿದ್ದಾಳೆ ಎಂದುಕೊಳ್ಳಬೇಡಿ. ತಂದೆ ಸತ್ತರೆ ಸಾಕು, ಆ ಕಾಲದ ಕಾನೂನಿನಲ್ಲಿ ಮಗು ಅನಾಥ. 21ರೊಳಗಿನ ಯಾರೂ "ಇನ್‌ಫೆಂಟ್", ಮೀಸೆ ಬಂದ ಹುಡುಗನಾದರೂ ಸರಿಯೇ. 14 ದಾಟಿದವರು ಗಾರ್ಡಿಯನ್ ಅನ್ನು ತಾವೇ ಆರಿಸಿಕೊಳ್ಳಬಹುದಿತ್ತು. ಹಾಗಾಗಿ "ಕೋರ್ಟಿಗೆ ಬಂದು ಇಂಥವನನ್ನು ಆರಿಸಿಕೊಂಡ" ಎಂಬ ಸಾಲು ವಯಸ್ಸಿನ ಸುಳಿವೂ ಹೌದು.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಸರ್ಕ್ಯೂಟ್ ಕೋರ್ಟಿನ ಪಾಲಿನ ದಾವೆ. ಯಾರ ಭೂಮಿ, ವಾರಸುದಾರರು ಯಾರು, ಯಾವ ಮಗಳು ಯಾರನ್ನು ಮದುವೆಯಾಗಿ ಮಿಸ್ಸೌರಿಗೆ ಹೋದಳು, ಸತ್ತ ಮಗನ ಮಕ್ಕಳು ಯಾರು, ಎಲ್ಲವನ್ನೂ ಅರ್ಜಿಯಲ್ಲೇ ಬರೆಯಬೇಕಿತ್ತು. ಪ್ರಕರಣದ ಹೆಸರಿನಲ್ಲಿ ನಿಮ್ಮ ಅಡ್ಡಹೆಸರು ಇಲ್ಲದೇ ಇರಬಹುದು. ಅಳಿಯನ ಹೆಸರಿನಲ್ಲಿ ದಾಖಲಾಗಿರುತ್ತದೆ.

ಮದುವೆಯಲ್ಲೂ ಬಾಂಡ್, ಲೈಸೆನ್ಸ್, ಪಾದ್ರಿಯ ವರದಿ ಬೇರೆ ಬೇರೆ. ಬಾಂಡ್ ಬರೆದ ದಿನ ಮದುವೆಯ ದಿನವಲ್ಲ. ಅದರಲ್ಲಿ ಕಾಣುವ ಮೊತ್ತ ಕಟ್ಟಿದ ಹಣವೂ ಅಲ್ಲ, ಅಡ್ಡಿ ಬಂದರೆ ತೆರಬೇಕಾದ ದಂಡ. ಜಾಮೀನು ನಿಂತವನ ಹೆಸರು ಮುಖ್ಯ, ಹೆಚ್ಚಾಗಿ ಹೆಣ್ಣಿನ ಅಪ್ಪ ಅಥವಾ ಅಣ್ಣ.

ಪಶ್ಚಿಮಕ್ಕೆ ಹೋದವರು

ಮಿಸ್ಸೌರಿ ಎಂದದ್ದಕ್ಕೆ ಬರೆಯುತ್ತಿದ್ದೇನೆ. ಒಡಹುಟ್ಟಿದವರಲ್ಲಿ ಒಬ್ಬರಾದರೂ ಮಿಸ್ಸೌರಿ, ಕಾನ್ಸಾಸ್ ಕಡೆ ಹೋಗಿದ್ದರೆ ಅವರನ್ನು ಹಿಂಬಾಲಿಸಿ. ಅಲ್ಲಿನ ಸರ್ವೆ ಚೌಕಾಕಾರದ್ದು: 6 ಮೈಲಿ ಚದರದ ಟೌನ್‌ಶಿಪ್, ಅದರಲ್ಲಿ 36 ಸೆಕ್ಷನ್, ಒಂದೊಂದು 640 ಎಕರೆ. "ಎನ್‌ಇ ¼ ಆಫ್ ಎಸ್‌ಡಬ್ಲ್ಯು ¼, ಸೆಕ್ಷನ್ 14" ಎಂಬುದನ್ನು ಹಿಂದಿನಿಂದ ಓದಬೇಕು: 14ನೇ ಸೆಕ್ಷನ್, ಅದರ ನೈಋತ್ಯ ಕಾಲುಭಾಗ, ಅದರೊಳಗೆ ಈಶಾನ್ಯ ಕಾಲುಭಾಗ, ಅಂದರೆ 40 ಎಕರೆ. ಮೆರಿಡಿಯನ್, ಅಂದರೆ ಸರ್ವೆಯ ಎಣಿಕೆ ಶುರುವಾಗುವ ಉತ್ತರ ದಕ್ಷಿಣದ ಮೂಲರೇಖೆ ಯಾವುದು ಎಂದು ಬರೆದುಕೊಳ್ಳದಿದ್ದರೆ ಕೆಲಸ ಕೆಟ್ಟಿತು. ಮಿಸ್ಸೌರಿಗೆ ಐದನೇ ಪ್ರಿನ್ಸಿಪಲ್ ಮೆರಿಡಿಯನ್, ಕಾನ್ಸಾಸಿಗೆ ಆರನೆಯದು. ಅದೇ ಟೌನ್‌ಶಿಪ್ (ಉತ್ತರ ದಕ್ಷಿಣದ ಎಣಿಕೆ), ರೇಂಜ್ (ಪೂರ್ವ ಪಶ್ಚಿಮದ ಎಣಿಕೆ) ಸಂಖ್ಯೆ ಎರಡು ಕಡೆಯೂ ಸಿಗಬಹುದು.

1862ರ ಹೋಮ್‌ಸ್ಟೆಡ್ ಕಾನೂನಿನಲ್ಲಿ 5 ವರ್ಷ ವಾಸವಿದ್ದು ಉತ್ತವರಿಗೆ 160 ಎಕರೆವರೆಗೆ ಸರ್ಕಾರಿ ಭೂಮಿ. ಬಿಎಲ್‌ಎಂನ (ಕೇಂದ್ರ ಸರ್ಕಾರದ ಭೂಮಿ ನೋಡಿಕೊಳ್ಳುವ ಇಲಾಖೆ) ತಾಣದಲ್ಲಿ ಸಿಗುವ ಪೇಟೆಂಟ್, ಅಂದರೆ ಭೂಮಿಯ ಹಕ್ಕುಪತ್ರ, ಒಂದು ಹಾಳೆ ಮಾತ್ರ. ಅದರಲ್ಲಿನ ವಿವರ ಹಿಡಿದು ನ್ಯಾಷನಲ್ ಆರ್ಕೈವ್ಸ್‌ನಿಂದ ಪೂರ್ತಿ ಕಡತ ತರಿಸಿ. ಮನೆಯ ಅಳತೆ, ಉತ್ತ ಎಕರೆ, ಕುಟುಂಬದ ವಿವರ, ನೆರೆಹೊರೆಯ ಸಾಕ್ಷಿಗಳ ಹೇಳಿಕೆ ಅದರಲ್ಲಿರುತ್ತವೆ. ಆ ಸಾಕ್ಷಿಗಳು ಎಷ್ಟೋ ಸಲ ಕೆಂಟಕಿಯ ಅದೇ ಹಳ್ಳದಿಂದ ಜೊತೆಗೆ ಬಂದವರು. ಐದು ವರ್ಷ ಮುಗಿಸದೆ ಬಿಟ್ಟುಹೋದವರಿಗೂ ಕಡತವಿದೆ, ಪೇಟೆಂಟ್ ಇಲ್ಲದ್ದರಿಂದ ಬಿಎಲ್‌ಎಂ ತಾಣದಲ್ಲಿ ಕಾಣುವುದಿಲ್ಲ ಅಷ್ಟೆ. ಮಿಸ್ಸೌರಿಯಲ್ಲಿ ಸತ್ತವರ 1910ರಿಂದಾಚೆಯ ಮರಣಪತ್ರಗಳನ್ನು, 50 ವರ್ಷ ಕಳೆದವನ್ನು, ಅಲ್ಲಿನ ರಾಜ್ಯ ಆರ್ಕೈವ್ಸ್ ಪುಕ್ಕಟೆ ಇಟ್ಟಿದೆ.

ಕ್ಯಾಂಪ್ ನೆಲ್ಸನ್

ಅಂತರ್ಯುದ್ಧದ ಪಿಂಚಣಿ ಕಡತ ಇನ್ನೂ ಯಾರೂ ಹೇಳಿಲ್ಲ. ನಿಮ್ಮವನೋ ಅವನ ತಮ್ಮನೋ ಯೂನಿಯನ್ (ಉತ್ತರದ ಕೇಂದ್ರ ಸರ್ಕಾರದ) ಸೇನೆಯಲ್ಲಿದ್ದರೆ ವಿಧವೆಯ ಕಡತ ತರಿಸಿ. ಮದುವೆ ನಡೆದದ್ದನ್ನು, ಮಕ್ಕಳು ಹುಟ್ಟಿದ ದಿನವನ್ನು ಅವಳು ರುಜುವಾತು ಮಾಡಬೇಕಿತ್ತು. ಕೋರ್ಟ್‌ಹೌಸ್ ಸುಟ್ಟಿದ್ದರೆ ಸೂಲಗಿತ್ತಿ, ಮದುವೆಗೆ ಬಂದವರು ಪ್ರಮಾಣಪತ್ರ ಬರೆದುಕೊಟ್ಟರು; ಬೈಬಲಿನಿಂದ ಹರಿದ ಕುಟುಂಬದ ಪುಟವೂ ಕೆಲವು ಕಡತಗಳಲ್ಲಿದೆ. ಕಾನ್ಫೆಡರೇಟ್ (ಬೇರೆಯಾದ ದಕ್ಷಿಣದ ರಾಜ್ಯಗಳ) ಕಡೆಯಿದ್ದರೆ ಫೆಡರಲ್ ಪಿಂಚಣಿ ಇಲ್ಲ, ಕೆಂಟಕಿ ರಾಜ್ಯ 1912ರಿಂದ ಕೊಟ್ಟಿತು. ಈ ಸೀಮೆಯಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಕಡೆ ಹೋಗಿದ್ದೂ ಉಂಟು, ಎರಡನ್ನೂ ನೋಡಿ.

ಇದೇ ಪುಸ್ತಕಗಳಲ್ಲಿ ಇನ್ನೊಂದು ವಂಶಾವಳಿಯೂ ಅಡಗಿದೆ, ಅದನ್ನು ಹೇಳಲೇಬೇಕು. ಗುಲಾಮಗಿರಿಯಲ್ಲಿದ್ದವರ ಹೆಸರು 1850, 1860ರ ಗಣತಿಯಲ್ಲಿ ಇಲ್ಲ. ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ. ಅವರ ವಂಶಸ್ಥರಿಗೆ ಗೋಡೆ ಇರುವುದು 1870ರಲ್ಲಿ. ಕೆಂಟಕಿಗೆ ವಿಮೋಚನಾ ಘೋಷಣೆ ಅನ್ವಯವಾಗಲಿಲ್ಲ, 1865ರ ಡಿಸೆಂಬರಿನ ಹದಿಮೂರನೇ ತಿದ್ದುಪಡಿಯವರೆಗೂ ಗುಲಾಮಗಿರಿ ಕಾನೂನಾಗಿಯೇ ಇತ್ತು. ಸೇನೆಗೆ ಸೇರುವುದೇ ಬಿಡುಗಡೆಯ ದಾರಿಯಾಗಿ ಸಾವಿರಾರು ಜನ ಕೆಂಟಕಿಯಲ್ಲಿದ್ದ ಯೂನಿಯನ್ ಸೇನಾ ಶಿಬಿರ ಕ್ಯಾಂಪ್ ನೆಲ್ಸನ್‌ಗೆ ಬಂದರು. ಅವರ ಪಿಂಚಣಿ ಕಡತದಲ್ಲಿ ಹಳೆಯ ಒಡೆಯನ ಹೆಸರು, ತಂದೆತಾಯಿ, ಒಡಹುಟ್ಟಿದವರು ಸಿಗುತ್ತಾರೆ. ಬಿಡುಗಡೆಯಾದ ಗುಲಾಮರ ನೆರವಿಗೆ ಸರ್ಕಾರ ಸ್ಥಾಪಿಸಿದ ಫ್ರೀಡ್‌ಮನ್ಸ್ ಬ್ಯೂರೋದ ಮದುವೆ ದಾಖಲೆ, ಕೂಲಿ ಕರಾರುಗಳನ್ನೂ ನೋಡಬೇಕು. ನಿಮ್ಮ ಮನೆತನದ ಆಸ್ತಿಪಟ್ಟಿಯಲ್ಲೋ ಕ್ರಯಪತ್ರದಲ್ಲೋ ಅಂಥ ಹೆಸರುಗಳು ಕಂಡರೆ ಬಿಡದೆ, ಪುಸ್ತಕದ ಪುಟಸಂಖ್ಯೆಯೊಂದಿಗೆ ನಿಮ್ಮ ಮರದಲ್ಲಿ ಬರೆದಿಡಿ. ಹುಡುಕುತ್ತಿರುವ ಇನ್ನೊಂದು ಮನೆಯವರಿಗೆ ಅದೊಂದೇ ಸಾಲು ಉಳಿದಿರಬಹುದು.

ಸಿನ್ಸಿನಾಟಿ ಕನ್ನಡತಿ

ಎಲ್ಲರಿಗೂ ಧನ್ಯವಾದ. ಡಿಎನ್‌ಎ ಮಾಡಿಸಿದರೆ ಈ ಇಬ್ಬರು ಅಪ್ಪಂದಿರಲ್ಲಿ ಯಾರು ಎಂದು ತೀರ್ಮಾನವಾಗುತ್ತದೆಯೇ? ಸೊಸೆಯದು ಮಾಡಿಸೋಣ ಎಂದಿದ್ದೇವೆ.

ಸೆಂಟಿಮಾರ್ಗನ್

ಸೊಸೆಯದಕ್ಕಿಂತ ಮೊದಲು ಬೀಗರದ್ದು ಮಾಡಿಸಿ. ಅವರ ಅತ್ತೆಯೋ ಚಿಕ್ಕಪ್ಪನೋ ಇದ್ದರೆ ಅವರದ್ದು ಇನ್ನೂ ಒಳ್ಳೆಯದು. ಒಂದು ತಲೆಮಾರು ಇಳಿದರೆ ಹಳಬರ ಅಂಶ ಅರ್ಧವಾಗುತ್ತದೆ. ನೀವು ಹುಡುಕುತ್ತಿರುವುದು 1822ರವನ ಅಪ್ಪನನ್ನು. ಆ ಅಪ್ಪನ ಬೇರೆ ಮಕ್ಕಳ ವಂಶಸ್ಥರು ಬೀಗರಿಗೆ ಸುಮಾರು ನಾಲ್ಕನೇ ಕಸಿನ್ (ಐದು ತಲೆಮಾರು ಹಿಂದಿನ ಒಬ್ಬನೇ ಪೂರ್ವಜನಿಂದ ಬಂದ ದೂರದ ನೆಂಟರು) ಆಗುತ್ತಾರೆ. ನಾಲ್ಕನೇ ಕಸಿನ್‌ಗಳಲ್ಲಿ ಹತ್ತಿರಹತ್ತಿರ ಅರ್ಧ ಜೋಡಿಗಳಲ್ಲಿ ಪತ್ತೆಯಾಗುವಷ್ಟು ಡಿಎನ್‌ಎ ಹಂಚಿಕೆಯೇ ಇರುವುದಿಲ್ಲ. ಹೊಂದಾಣಿಕೆ ಕಾಣಲಿಲ್ಲ ಎಂದರೆ ಸಂಬಂಧವಿಲ್ಲ ಎಂದಾಗದು.

ಇಂಥ ಕಣಿವೆಗಳಲ್ಲಿ ಉಲ್ಟಾ ತೊಂದರೆಯೂ ಇದೆ. ನಾಲ್ಕೈದು ಮನೆತನ ನೂರು ವರ್ಷ ಒಳಗೊಳಗೇ ಕೊಟ್ಟು ತಂದು ಮಾಡಿದ್ದರಿಂದ ಒಬ್ಬರಿಗೊಬ್ಬರು ಮೂರು ದಾರಿಯಿಂದ ನೆಂಟರು. 60 ಸೆಂಟಿಮಾರ್ಗನ್ (ಇಬ್ಬರ ನಡುವೆ ಹಂಚಿಕೆಯಾದ ಡಿಎನ್‌ಎ ಅಳೆಯುವ ಮಾನ) ಕಂಡು ಮೂರನೇ ಕಸಿನ್ ಎಂದುಕೊಂಡರೆ, ಅದು ಹಲವು ದೂರದ ಸಂಬಂಧಗಳ ಮೊತ್ತವಾಗಿರುತ್ತದೆ. ಒಟ್ಟು ಮೊತ್ತದ ಜೊತೆಗೆ ಅತಿ ಉದ್ದದ ತುಂಡು ಎಷ್ಟು ಎಂದು ನೋಡಿ. 60ರಲ್ಲಿ ಒಂದೇ ತುಂಡು 40 ಇದ್ದರೆ ಹತ್ತಿರದ ಒಬ್ಬ ಪೂರ್ವಜನಿರುವ ಸಾಧ್ಯತೆ ಹೆಚ್ಚು. 8, 9, 10ರ ಏಳು ತುಂಡುಗಳಾದರೆ ಒಳಮದುವೆಯ ಗುರುತು.

ಇಬ್ಬರು ಅಭ್ಯರ್ಥಿಗಳು ಬೇರೆ ಬೇರೆ ಗಂಡು ವಂಶದವರಾದರೆ, ಮತ್ತು ಬೀಗರದ್ದು ಅಪ್ಪನಿಂದ ಅಪ್ಪನಿಗೆ ಕಡಿಯದ ಸಾಲಾದರೆ, ವೈ-ಡಿಎನ್‌ಎ (ಅಪ್ಪನಿಂದ ಮಗನಿಗೆ ಮಾತ್ರ ಹೋಗುವ ಅಂಶದ) ಪರೀಕ್ಷೆ ಸರಿ. ಇಬ್ಬರೂ ಅಣ್ಣತಮ್ಮಂದಿರೇ ಆಗಿದ್ದರೆ ಸಾಮಾನ್ಯ ಮಟ್ಟದ ವೈ ಪರೀಕ್ಷೆಯಿಂದಲೂ ಬಿಡಿಸಲಾಗದು, ಮತ್ತೆ ತೆರಿಗೆ ಪಟ್ಟಿಗೇ ಬರಬೇಕು.

ನಕಾಶೆ ನಾಗಿ

ಸಮಾಧಿಗೆ ಹೋಗುವುದಾದರೆ ಎರಡು ಮಾತು. ಕಲ್ಲಿಗೆ ಬ್ಲೀಚ್, ತಂತಿ ಬ್ರಷ್, ಶೇವಿಂಗ್ ಕ್ರೀಮ್ ಯಾವುದೂ ಬೇಡ. ನೀರು, ಮೆತ್ತನೆ ಬ್ರಷ್ ಸಾಕು. ಕನ್ನಡಿ ಹಿಡಿದು ಬಿಸಿಲನ್ನು ಓರೆಯಾಗಿ ಬೀಳಿಸಿದರೆ ಸವೆದ ಅಕ್ಷರ ಎದ್ದುಕಾಣುತ್ತದೆ. "ಅಕ್ಟೋಬರ್ 10, 1884, ವಯಸ್ಸು 62 ವರ್ಷ 8 ತಿಂಗಳು 20 ದಿನ" ಎಂದಿದ್ದರೆ ಹಿಂದಕ್ಕೆ ಕಳೆಯಿರಿ: 10ರಲ್ಲಿ 20 ಹೋಗದು, ಸೆಪ್ಟೆಂಬರಿನ 30 ದಿನ ಸಾಲ ತಂದರೆ 40, ಉಳಿದದ್ದು 20, ತಿಂಗಳು 9ರಲ್ಲಿ 8 ಕಳೆದು 1, ವರ್ಷ 1822. ಹುಟ್ಟಿದ್ದು 1822ರ ಜನವರಿ 20. ಕಲ್ಲು ಯಾವಾಗ ನೆಟ್ಟದ್ದು ಎಂದೂ ನೋಡಿ. ನುಣುಪಾದ ಗ್ರಾನೈಟ್, ಯಂತ್ರದ ಅಕ್ಷರ ಇದ್ದರೆ ಮೊಮ್ಮಕ್ಕಳ ಕಾಲದ್ದು, ದಿನಾಂಕ ಯಾರದೋ ವಂಶವೃಕ್ಷದಿಂದ ಬಂದಿರಬಹುದು.

ಸಿನ್ಸಿನಾಟಿ ಕನ್ನಡತಿ

ಗೀಟುಗಳ ಹಾಳೆ ಮಾಡಿದೆ. 1830ರ ಪೆರಿಯಲ್ಲಿ ಆ ಅಡ್ಡಹೆಸರಿನ ಮನೆ ಮೂರು. ಒಂದರಲ್ಲಿ 5–10ರ ಹುಡುಗನೇ ಇಲ್ಲ. ಉಳಿದ ಎರಡರಲ್ಲಿ 1840ರ ಬ್ರೆಥಿಟ್‌ನಲ್ಲಿ ಒಂದು ಮಾತ್ರ ಕಾಣುತ್ತದೆ, ಅದರಲ್ಲಿ 15–20ರ ಗೀಟು ಎರಡು. ಹಾಗಾದರೆ ಅವನೇ ಅಪ್ಪ ಅಲ್ಲವೇ?

ಬೆಳಗಾವಿ ಬಸಣ್ಣ

ಇನ್ನೂ ಅಲ್ರಿ ಅಕ್ಕಾರ. ಮೂರನೇ ಮನಿ 1840ಕ್ಕ ಯಾಕ ಇಲ್ಲ? ಯಜಮಾನ ಸತ್ತು, ಹೆಂಡತಿ ಮತ್ತೊಂದು ಮದುವಿ ಆಗಿದ್ದರ ಆ ಹುಡುಗ ಬ್ಯಾರೆ ಅಡ್ಡಹೆಸರಿನ ಮನ್ಯಾಗ ಗೀಟಾಗಿ ಕುಂತಿರ್ತಾನ. ಒಂದ ಹೆಸರಿನ ಇಬ್ಬರು ಅದಾರ ಅಂತ ನೀವ ಹೇಳೀರಿ, ಒಬ್ಬೊಬ್ಬಾಂವ ಒಂದೊಂದು ಮನ್ಯಾಂವ ಆಗಿರಬಹುದು.

ಸರಪಳಿ 66

ಬಸಣ್ಣನವರು ಹೇಳಿದ್ದು ಸರಿ. 1831ರಿಂದ 1850ರವರೆಗಿನ ಪೆರಿ, ಬ್ರೆಥಿಟ್ ತೆರಿಗೆ ಪಟ್ಟಿಗಳನ್ನು ಫ್ರಾಂಕ್‌ಫರ್ಟ್‌ನ ರಾಜ್ಯ ಆರ್ಕೈವ್ಸ್‌ನಿಂದಲೋ ಫ್ಯಾಮಿಲಿಸರ್ಚ್ ಕ್ಯಾಟಲಾಗಿನಿಂದಲೋ ತೆಗೆಯಿರಿ. ಕ್ಯಾಟಲಾಗಿನಲ್ಲಿ ಹುಡುಕುವಾಗ ವ್ಯಕ್ತಿಯ ಹೆಸರಲ್ಲ, ಕೌಂಟಿಯ ಹೆಸರು ಹಾಕಬೇಕು. ಇಂಡೆಕ್ಸ್ ಆಗದ ಚಿತ್ರಗಳು ಹಾಗೆಯೇ ಸಿಗುವುದು. ಅಲ್ಲಿ ಭೂಮಿ, ಪ್ರೊಬೇಟ್ (ಸತ್ತವರ ಆಸ್ತಿ ವಿಲೇವಾರಿಯ) ಪುಸ್ತಕಗಳಿಗೆ ಫುಲ್-ಟೆಕ್ಸ್ಟ್ ಹುಡುಕಾಟವೂ ಬಂದಿದೆ, ಕೈಬರಹವನ್ನು ಯಂತ್ರ ಓದುತ್ತದೆ. ಸಾಕ್ಷಿ, ಜಾಮೀನುದಾರ, ಪಕ್ಕದ ಹೊಲದವನಾಗಿ ಬಂದ ಹೆಸರುಗಳೂ ಅದರಲ್ಲಿ ಸಿಕ್ಕುತ್ತವೆ. ಅಕ್ಷರ ತಪ್ಪು ಓದುವುದು ಸಾಮಾನ್ಯ, ಅದಕ್ಕೆ ಅಡ್ಡಹೆಸರಿನ ಜೊತೆ ಹಳ್ಳದ ಹೆಸರನ್ನೂ ಹಾಕಿ ಹುಡುಕಿ.

ಮೂರನೇ ಮನೆಯ ಯಜಮಾನ ಯಾವ ವರ್ಷ ಪಟ್ಟಿಯಿಂದ ಮಾಯವಾದ, ಅವನ ಎಕರೆ ಯಾರ ಹೆಸರಿಗೆ ಬಂತು, ನಿಮ್ಮವನ ಹೆಸರು ಮೊದಲ ಸಲ ಯಾವ ವರ್ಷ ಯಾವ ಹಳ್ಳದ ಮೇಲೆ ಬಂತು, ಈ ಮೂರನ್ನು ಇಲ್ಲಿ ಹಾಕಿ. ಎರಡೂ ಹೊಲಗಳ ಚಕ್ಕುಬಂದಿ ಸಿಕ್ಕರೆ ಅದನ್ನೂ ಕಳಿಸಿ, ಎಳೆದು ಜೋಡಿಸಿ ಕೊಡುತ್ತೇನೆ.